ಡಾಕ್ಟ್ರು ಓಡಿಸಿದ ಗಾಡಿ

ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕೆ ನಿಂತಿರುವ ಹಳೇ ಕಾರುಗಳನ್ನೆಲ್ಲ ನಿಜವಾಗಿಯೂ ಡಾಕ್ಟರುಗಳೇ ಓಡಿಸಿದ್ದರೆ, ಶ್ರೀನಿವಾಸಪುರದಲ್ಲಿ ಮಾವಿನ ಮರಕ್ಕೊಬ್ಬ ಡಾಕ್ಟರು ಸಿಗಬೇಕಿತ್ತು. ಡಾಕ್ಟರು ಇಲ್ಲದಿದ್ದರೆ ಬ್ಯಾಂಕ್ ಮ್ಯಾನೇಜರು. ಅವರೂ ಇಲ್ಲದಿದ್ದರೆ, ‘ಲೇಡೀಸ್ ಓಡ್ಸಿದ್ದು ಸಾರ್, ಮಾಲೂರು ದಾಟಿಲ್ಲ’. ಇಟ್ಟಿಗೆ ಗೂಡಿನ ಧೂಳು ಕುಡಿದ, ಕೋಲಾರದ ಮಂಡಿಗೆ ಟೊಮೆಟೊ ಕ್ರೇಟು ಹೊತ್ತ ಕಾರುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಯಾವ ಡೀಲರೂ ಇದುವರೆಗೆ ಬಾಯಿಬಿಟ್ಟಿಲ್ಲ.

ನನ್ನ ಭಾವಮೈದ ಮುಳಬಾಗಿಲಿನವನು. ಹೆಂಚಿನ ಸದ್ದು ಕೇಳಿಯೇ ದೋಸೆ ಗರಿಯಾಗುತ್ತದೋ ಇಲ್ಲವೋ ಹೇಳಬಲ್ಲ. ಕಾರಿನ ಮುಂದೆ ನಿಂತರೆ ಮಾತ್ರ ಮಗು. ಎಲ್ಲರಂತೆ ಟೈರಿಗೆ ಒಂದು ಒದೆ ಕೊಟ್ಟ. ಟೈರು ಏನು ಉತ್ತರ ಕೊಡಬೇಕೆಂದು ಇವತ್ತಿಗೂ ಯಾರಿಗೂ ತಿಳಿಯದು. ಮೀಟರಿನಲ್ಲಿ 38,000 ಕಿ.ಮೀ. ಕ್ಲಚ್ ಪೆಡಲು ಮಾತ್ರ ಕೋಲಾರಮ್ಮನ ಗುಡಿಯ ಹೊಸ್ತಿಲಿನಷ್ಟು ಸವೆದಿತ್ತು. ‘ಡಾಕ್ಟ್ರ ಕಾಲು ಸಾರ್, ಸ್ವಲ್ಪ ಭಾರ’ ಎಂದ ಡೀಲರು.

ನಾಲ್ಕು ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಕುರುಡುಮಲೆ ಗಣಪನಿಗೂ ಮುಳಬಾಗಿಲು ಆಂಜನೇಯನಿಗೂ ಪೂಜೆಯಾಯಿತು, ಚಕ್ರಕ್ಕೊಂದರಂತೆ ನಿಂಬೆಹಣ್ಣು ಹಿಂಡಿದ್ದಾಯಿತು. ಮರುವಾರ ನಂಗಲಿ ಕಡೆ ಹೊರಟಾಗ ಬಾನೆಟ್ಟಿನಿಂದ ಹೊಗೆ. ಮೆಕ್ಯಾನಿಕ್ ಅಡಿಗೆ ನುಗ್ಗಿ, ಎದ್ದು, ಕೈ ಒರೆಸಿಕೊಂಡು ಹೇಳಿದ: ‘ಸಾರ್, ಇದು ಎರಡು ಕಾರು. ಮುಂದಿನರ್ಧ ಒಂದು, ಹಿಂದಿನರ್ಧ ಇನ್ನೊಂದು. ಮಧ್ಯ ವೆಲ್ಡಿಂಗ್ ಚೆನ್ನಾಗ್ ಮಾಡವ್ರೆ.’ ಇನ್ಶೂರೆನ್ಸು ಮಾತ್ರ ಒಂದಕ್ಕೇ ಇತ್ತು.

‘ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಅಂಗೇ ಸಾರ್’ ಎಂದು ಡೀಲರು ರಸೀದಿ ತಿರುಗಿಸಿ ತೋರಿಸಿದ: ಮಾರಿದ ಮಾಲು ವಾಪಸ್ ಇಲ್ಲ. ಈ ಸಾಲನ್ನು ನಮ್ಮ ಅಂಗಡಿಗಳವರು ಲಕ್ಷ್ಮೀ ಪಟದಷ್ಟೇ ನಂಬಿದ್ದಾರೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಆ ನಂಬಿಕೆಯಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಲ್ಲೆನೆನ್ನುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹಾಗಂತ ಹಳೇ ಕಾರಿನ ಬ್ರೇಕ್ ಪ್ಯಾಡು ಸವೆದಿದೆ ಎಂದು ಯಾರೂ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕಾಗಿಲ್ಲ. ಹಳತಾದದ್ದಕ್ಕೆ ಪರಿಹಾರವಿಲ್ಲ, ಸುಳ್ಳು ಹೇಳಿದ್ದಕ್ಕೆ ಇದೆ.

ಆ ಸುಳ್ಳು ನಮ್ಮ ಕೈಲಿತ್ತು. ಭಾವಮೈದ ವಾಟ್ಸ್ಆ್ಯಪ್‌ನಲ್ಲಿ ಏನನ್ನೂ ಅಳಿಸುವವನಲ್ಲ. ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಡೀಲರಿನ ಕಾವ್ಯ ಹಾಗೇ ಕೂತಿತ್ತು: ಸಿಂಗಲ್ ಓನರ್, ನಾನ್ ಆಕ್ಸಿಡೆಂಟ್, ಷೋರೂಮ್ ಕಂಡೀಷನ್. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಒತ್ತಿದರೆ ಇವನು ಕೊಂಡದ್ದು ಮೂರನೇ ಓನರಿನಿಂದ. ಮಿತಭಾಷಿ ಡೀಲರಾಗಿದ್ದರೆ ನಮಗೆ ಕಷ್ಟವಿತ್ತು. ವರ್ಣನೆ ಹೆಚ್ಚಾದಷ್ಟೂ ಸಾಕ್ಷಿ ಹೆಚ್ಚು; ಹಾಗಾಗಿ ಕಾರು ಕೊಳ್ಳುವವರು ಡೀಲರನ್ನು ಹೊಗಳಲು ಬಿಡಬೇಕು, ಬರೆದೇ ಹೊಗಳಿ ಎಂದು ಹುರಿದುಂಬಿಸಬೇಕು.

ಕಾರು ಕಂಪನಿಯ ಮೇಲೂ ಕೇಸು ಹಾಕೋಣವೆಂದು ಭಾವಮೈದ ಕುಣಿದ. ಗೋವಾದ ಒಬ್ಬರಿಗೆ ಹೊಸದೆಂದು ಕೊಟ್ಟ ಕಾರು ಆಗಲೇ 622 ಕಿ.ಮೀ. ಓಡಿತ್ತು, ಅದರಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರನ್ನು ಬಿಟ್ಟು ಹೊಣೆಯನ್ನು ಡೀಲರಿನ ತಲೆಗೇ ಕಟ್ಟಿತೆಂದು ಹೇಳಿ ಕೂರಿಸಿದೆ. ಡೀಲರಿಗೆ ಇನ್ನೂ ಒಂದು ತಲೆನೋವಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವವನಿಗೆ ಆರ್‌ಟಿಒ ಕೊಟ್ಟ ಅಧಿಕೃತ ಪತ್ರ ಬೇಕು; ತನ್ನಲ್ಲಿರುವ ಗಾಡಿಯನ್ನು ಟ್ರಯಲ್, ರಿಪೇರಿ, ಪೇಂಟಿಂಗ್‌ನಂಥ ಕೆಲಸ ಬಿಟ್ಟು ರಸ್ತೆಗಿಳಿಸುವಂತಿಲ್ಲ. ಆ ಪತ್ರ ತೋರಿಸಿ ಅಂದೆ. ಕಾಫಿ ತರಿಸಿದ.

ಕಾಫಿ ಕುಡಿದು ಕಾನೂನು ಓದಿದೆವು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. 2 ವರ್ಷ ಕಾಲಾವಕಾಶ. ವಕೀಲರು ಕಡ್ಡಾಯವಲ್ಲ. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅವನೇ ಕೋಲಾರಕ್ಕೆ ಬರಬೇಕು. 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆಯೋಗದ ನೋಟಿಸು ತಲುಪಿದ ಎದುರುಪಕ್ಷಕ್ಕೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೊಂದು 15. ‘ಕಾರಲ್ಲಿ ಟೊಮೆಟೊ ಸಾಗಿಸ್ತಾನೆ, ಇವನು ಗ್ರಾಹಕನೇ ಅಲ್ಲ ಅಂದ್ರೆ?’ ಎಂದು ಅತ್ತೆಯವರಿಗೆ ಭಯ. ಸ್ವಂತ ದುಡಿಮೆಯಲ್ಲಿ ಹೊಟ್ಟೆ ಹೊರೆಯುವವನನ್ನು ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ಈ ಸವಲತ್ತೆಲ್ಲ ವ್ಯಾಪಾರಿಯಿಂದ ಕೊಂಡರೆ ಮಾತ್ರ. ಷಡ್ಡಕನಿಂದ ಕೊಂಡ ಕಾರು ಕೈಕೊಟ್ಟರೆ ಅದರ ವಿಚಾರಣೆ ಹೆಂಡತಿಯ ತವರಿನಲ್ಲಿ, ತೀರ್ಪು ಗೊತ್ತಿದ್ದದ್ದೇ.

ನೋಟಿಸು ಬರೆಯಲು ಕೂತಾಗ ಜಗಳ ಶುರುವಾಯಿತು. ಕಾರಿನ ಬೆಲೆ, ಎಳೆದು ತಂದ ಖರ್ಚು, ಮಾನಸಿಕ ಯಾತನೆ ಬರೆದೆ. ನಿಂಬೆಹಣ್ಣು ಎಲ್ಲಿ ಎಂದರು ಅತ್ತೆ. ಇತರೆ ಖರ್ಚಿಗೆ ಸೇರಿಸಿದ್ದೇನೆ ಎಂದರೆ ಕೇಳಲಿಲ್ಲ. ನಾಲ್ಕು ನಿಂಬೆಹಣ್ಣು, ಬೇರೆಯದೇ ಸಾಲು, 40 ರೂಪಾಯಿ.

ಡೀಲರಿನ ಉತ್ತರ ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ನಿಂಬೆಹಣ್ಣಿನ ಬಾಬ್ತು ಒಪ್ಪಿದೆ, ಉಳಿದದ್ದನ್ನು ನಿರಾಕರಿಸಿದೆ. ಜೊತೆಗೆ 40 ರೂಪಾಯಿಯ ಚೆಕ್ಕು. ದೂರಿನ ಜೊತೆ ಅದನ್ನೂ ಲಗತ್ತಿಸಿದೆವು.