ಗಾಡಿ ಗೊತ್ತಿರೋರು

ಹಳೇ ಟಾಟಾ ಏಸ್ ಕೊಳ್ಳಲು ಯಾರೂ ಒಬ್ಬರೇ ಬರುವುದಿಲ್ಲ. ದುಡ್ಡು ಕೊಡುವ ಪಾರ್ಟಿ ಸಂಕೋಚದಿಂದ ಬೈಕಿನ ಪಕ್ಕ ನಿಂತಿರುತ್ತದೆ. ಹಿಂದಿನ ಸೀಟಿನಿಂದ ಇಳಿದವರು ಆಗಲೇ ಗಾಡಿಯ ಸುತ್ತ ಒಂದು ಸುತ್ತು ಮುಗಿಸಿರುತ್ತಾರೆ. 'ಇವರಿಗೆ ಗಾಡಿ ಗೊತ್ತು' ಎಂಬಷ್ಟೇ ಪರಿಚಯ. ಡ್ರೈವರಾಗಿದ್ದವರೋ, ಗ್ಯಾರೇಜಿನ ಎದುರು ಟೀ ಕುಡಿದವರೋ, ಕೇಳುವ ಧೈರ್ಯ ಯಾರಿಗಿದೆ?

ತಿಪಟೂರಿನಲ್ಲಿ ಕೊಬ್ಬರಿ ಹೊತ್ತು ಸವೆದ ನನ್ನ ಏಸ್ ನೋಡಲು ಬಂದವರು ಬಾಗಿಲು ತೆಗೆದು ಹಾಕಿದರು. ಮತ್ತೆ ತೆಗೆದು ಹಾಕಿದರು. ಹಲಸಿನ ಹಣ್ಣು ಆರಿಸುವವರಂತೆ ಬಾಡಿಯನ್ನು ಗೆಣ್ಣಿನಿಂದ ಕುಟ್ಟಿ, 'ಟಿಂಕರಿಂಗ್ ಆಗಿದೆ' ಎಂದರು. ಎಲ್ಲಿ ಎಂದೆ. 'ಆಗಿದೆ' ಎಂದರು. ಏಸ್ ಇಂಜಿನ್ ಇರುವುದು ಸೀಟಿನ ಕೆಳಗೆ. ಸೀಟೆತ್ತಿ, ಸ್ಟಾರ್ಟ್ ಮಾಡಿಸಿ, ಆಯಿಲ್ ಮುಚ್ಚಳ ಬಿಚ್ಚಿ ಅಂಗೈ ಅಡ್ಡ ಹಿಡಿದರು. 'ಬ್ಯಾಕ್ ಕಂಪ್ರೆಷನ್ ಹೊಡೀತಿದೆ.' ನಾನೂ ಕೈ ಹಿಡಿದೆ. ಬಿಸಿಗಾಳಿ ಬಿಟ್ಟರೆ ಏನೂ ತಿಳಿಯಲಿಲ್ಲ. ಆದರೂ, ಇಂಥ ಗಾಡಿಯನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂಬಂತೆ ತಲೆಯಾಡಿಸಿದೆ.

2005ರಲ್ಲಿ ಮಾರುಕಟ್ಟೆಗೆ ಬಂದ ಏಸ್‌ಗಿದ್ದದ್ದು ಎರಡು ಸಿಲಿಂಡರಿನ 702 ಸಿಸಿ ಇಂಜಿನ್, 16 ಅಶ್ವಶಕ್ತಿ. ಕಾಗದದಲ್ಲಿ ಮುಕ್ಕಾಲು ಟನ್ ಭಾರ. ಜನ ಹೇರಿದ್ದಕ್ಕೆ ಲೆಕ್ಕವಿಲ್ಲ. ಅವರು ಬಗ್ಗಿ, ಸ್ಪ್ರಿಂಗಿಗೆ ನಾನು ಕೂರಿಸಿದ್ದ ಎಕ್ಸ್‌ಟ್ರಾ ಪಾಟಾ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತೆಂಗಿನ ಮರ ನೋಡಿದೆ.

'ಎಂಟು ವರ್ಷ ದಾಟಿದೆ, ಇನ್ನು ವರ್ಷ ವರ್ಷ ಎಫ್‌ಸಿ. ರೇಟ್ ಹೇಳಿ.'

ಹೇಳಿದೆ.

'ಅದು ಹೇಳೋ ರೇಟು. ಕೊಡೋ ರೇಟ್ ಹೇಳಿ.'

ಕೊನೆಗೆ ನಾನು ಒಪ್ಪಿದ್ದು ಎರಡೂ ಅಲ್ಲದ ಮೂರನೇ ರೇಟಿಗೆ. ಅದರಲ್ಲಿ ಸ್ಟೆಪ್ನಿ, ಜಾಕಿ, ಟಾರ್ಪಾಲು ಎಲ್ಲ ಸೇರಿದ್ದವೆಂದು ಆಮೇಲೆ ಗೊತ್ತಾಯಿತು.

ಅಡ್ವಾನ್ಸ್ ಎಣಿಸುವ ಹೊತ್ತಿಗೆ ಅವರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದರು. ಅವರ ಹೆಸರಲ್ಲಿ ಒಂದು ಗಾಡಿಯೂ ಇಲ್ಲವೆಂದು ಪಾರ್ಟಿ ಹೇಳಿತು. ಓಡಿಸಿದ್ದೆಲ್ಲ ಕಂಡವರ ಗಾಡಿ, ಆರಿಸಿಕೊಟ್ಟದ್ದೂ ಕಂಡವರಿಗೆ. ಕಮಿಷನ್ ಕೇಳುವವರಲ್ಲ, ಊಟ ಹಾಕಿಸಿದರೆ ಸಾಕಂತೆ. ಅಷ್ಟು ಹೊತ್ತು ಕುದಿಯುತ್ತಿದ್ದ ನನಗೆ ಇನ್ನೊಂದು ಟೀ ತರಿಸೋಣ ಎನ್ನಿಸಿತು.

ಟೀ ಕುಡಿದವರೇ ನನ್ನನ್ನು ಪಕ್ಕಕ್ಕೆ ಕರೆದರು. 'ಸಾರ್, ಫಾರಂ 29, 30ಕ್ಕೆ ಸೈನ್ ಹಾಕಿ ಸುಮ್ಮನಾಗಬೇಡಿ. ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ನೀವೇ ತಿಳಿಸಿ. ಹೆಸರು ಬದಲಾಗೋ ಮುಂಚೆ ಆಕ್ಸಿಡೆಂಟಾದ್ರೆ ಕೋರ್ಟು ನಿಮ್ಮನ್ನೇ ಹಿಡಿಯುತ್ತೆ.' ನಿಜ; ಸುಪ್ರೀಂ ಕೋರ್ಟ್ 2018ರಲ್ಲಿ ಹಾಗೆಯೇ ತೀರ್ಪು ಕೊಟ್ಟಿದೆ. ನೀವು ಅವರ ಕಡೆಯವರಲ್ಲವೇ ಎಂದೆ. 'ನಾನು ಗಾಡಿ ಕಡೆಯವನು' ಎಂದರು.

ಬರುವ ಭಾನುವಾರ ಅರಸೀಕೆರೆಯಲ್ಲಿ ನಾನೊಂದು ಬೊಲೆರೋ ಪಿಕಪ್ ನೋಡಬೇಕು. ಜೊತೆಗೆ ಅವರೇ ಬರುತ್ತಾರೆ. ಫೋನಿನಲ್ಲೇ ಅಪ್ಪಣೆಯಾಗಿದೆ: 'ನೀವು ಬೈಕ್ ಹತ್ರಾನೇ ನಿಂತಿರಿ ಸಾರ್. ಮಾತಾಡಬೇಡಿ. ಗಾಡಿ ಇಷ್ಟ ಆಯ್ತು ಅಂತ ಮುಖದಲ್ಲೂ ತೋರಿಸಬೇಡಿ.'