ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು

ತುಮಕೂರಿನ ಹಳೆಯ ಲಾಡ್ಜಿಗೆ ಬಸ್ ನಿಲ್ದಾಣದಿಂದ ಆಟೊ ಹಿಡಿಯಬೇಕಾಗಿಲ್ಲ. ಬ್ಯಾಗು ಹಿಡಿದು ಹೊರಟವರು ಬೆವರುವ ಮೊದಲೇ ಸಿಕ್ಕಿಬಿಡುತ್ತದೆ. ಕೆಳಗಡೆ ಔಷಧಿ ಅಂಗಡಿ, ಬಟ್ಟೆ ಅಂಗಡಿ, ಜೆರಾಕ್ಸ್ ಅಂಗಡಿ. ಅವುಗಳ ಸಂದಿಯಲ್ಲಿ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾರದಂಥ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಕೌಂಟರು, ಕೌಂಟರಿನ ಹಿಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಪಟ, ಪಟದ ಕೆಳಗೆ ಬೀಗದ ಕೈಗಳನ್ನು ನೇತುಹಾಕಿದ ಹಲಗೆ. ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಇದ್ದರೆ ಅದರೊಳಗೆ ಹಳೆಯ ಹಾಸಿಗೆಗಳನ್ನು ಜೋಡಿಸಿಟ್ಟಿರುತ್ತಾರೆ.

ಇಲ್ಲಿ ಇಳಿದುಕೊಳ್ಳುವವರು ಯಾರು ಎಂಬುದು ಮುಂದಿನ ವಿಷಯ. ಬೆಳ್ಳಾವಿ ಮತ್ತು ಗುಬ್ಬಿ ತುಮಕೂರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಕುಣಿಗಲ್ ಇನ್ನಷ್ಟು ದೂರ. ಇಷ್ಟು ಹತ್ತಿರದವರು ಲಾಡ್ಜಿನಲ್ಲಿ ಇಳಿದರೆ ಅದು ನೆಂಟರಿಗೆ ಅವಮಾನ. "ಯಾಕೆ, ನಾವಿರ್ಲಿಲ್ವಾ?" ಎಂದು ಕೇಳುವ ಚಿಕ್ಕಪ್ಪನೊಬ್ಬರು ಸೋಮೇಶ್ವರಪುರಂನಲ್ಲೋ ಕ್ಯಾತ್ಸಂದ್ರದಲ್ಲೋ ಇದ್ದೇ ಇರುತ್ತಾರೆ. ಲಾಡ್ಜಿನ ವ್ಯಾಪಾರ ನಿಂತಿರುವುದೇ ಆ ಚಿಕ್ಕಪ್ಪನ ಮನೆಗೆ ಹೋಗದಿರಲು ಇರುವ ಕಾರಣಗಳ ಮೇಲೆ: ಕೊನೆಯ ಬಸ್ಸು ತಪ್ಪಿದ್ದು, ಮಾರನೆ ಬೆಳಿಗ್ಗೆ ಕೋರ್ಟಿನಲ್ಲಿ ವಾಯಿದೆ ಇರುವುದು, ಆಸ್ಪತ್ರೆಯಲ್ಲಿ ಒಬ್ಬರು ಮಲಗಿ ಅವರನ್ನು ನೋಡಿಕೊಳ್ಳಲು ಆರು ಜನ ಬಂದಿರುವುದು, ಅಥವಾ ಆ ವಾಯಿದೆ ಚಿಕ್ಕಪ್ಪನ ಮೇಲೆಯೇ ಹೂಡಿದ ದಾವೆಯದ್ದಾಗಿರುವುದು. ಇವರನ್ನು ಬಿಟ್ಟರೆ ಹುಣಸೆಹಣ್ಣಿನ ಸುಗ್ಗಿಯಲ್ಲಿ ಎ.ಪಿ.ಎಂ.ಸಿ.ಗೆ ಬರುವ ವ್ಯಾಪಾರಿಗಳು, ಉತ್ತರಪತ್ರಿಕೆ ತಿದ್ದಲು ಬರುವ ಮೇಷ್ಟರುಗಳು, ಮೆಡಿಕಲ್ ರೆಪ್‌ಗಳು.

ಊರೂರು ಸುತ್ತುವುದು ಈ ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ತಿರುಗಾಡಲು ಗಾಡಿಯೂ ತಿರುಗಾಡುವ ಜನರೂ ಜಿಲ್ಲೆಗೆ ಒಟ್ಟಿಗೇ ಸಿಕ್ಕಂತಾಯಿತು. ಬೆಳ್ಳಾವಿಯ ಹೆಸರನ್ನು ರಂಗಭೂಮಿಗೆ ಒಯ್ದ ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೂ ಬರೆದರು. ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಆ ಕಾಲದ ದಾರಿಹೋಕರಿಗೆ ಆಸರೆ ಎಂದರೆ ಛತ್ರ. ಅಲ್ಲಿ ನೆಲ ಛತ್ರದ್ದು, ಹಾಸಿಗೆ ಬಂದವರದ್ದು. ಲಾಡ್ಜು ಬಂದ ಮೇಲೆ ಹಾಸಿಗೆ ಅಲ್ಲಿಯೇ ಸಿಗುವಂತಾಯಿತು. ಆ ಮೊದಲ ಹಾಸಿಗೆಯನ್ನು ಕೆಲವೆಡೆ ಇನ್ನೂ ಬದಲಿಸಿಲ್ಲ.

ಪ್ರವೇಶದ ವಿಧಿ ರಿಜಿಸ್ಟರಿನಿಂದ ಆರಂಭ. ಹೆಸರು, ವಿಳಾಸ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ ಎಂದು ಕಾಲಂಗಳಿರುತ್ತವೆ. ಉದ್ದೇಶದ ಕಾಲಂನಲ್ಲಿ ಮೊದಲನೆಯವರು 'ಸ್ವಂತ ಕೆಲಸ' ಎಂದು ಬರೆಯುತ್ತಾರೆ; ಅದರ ಕೆಳಗೆ ಬರುವವರೆಲ್ಲ 'ಮೇಲಿನಂತೆ' ಎಂಬ ಗುರುತು ಹಾಕಿ ಮುಗಿಸುತ್ತಾರೆ. ಆಧಾರ್ ಪ್ರತಿ ಕೇಳುತ್ತಾರೆ. ಕೆಳಗಿನ ಜೆರಾಕ್ಸ್ ಅಂಗಡಿ ನಡೆಯುವುದು ಇದರಿಂದಲೇ. ವಿದೇಶಿಯರಾದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕು. ಹತ್ತಿರದವರಿಗೆ ಇದಕ್ಕಿಂತ ಕಠಿಣವಾದ ತನಿಖೆ ಇದೆ. "ಬೆಳ್ಳಾವಿಯಾ? ಬೆಳ್ಳಾವೀಲಿ ಯಾರ ಪೈಕಿ ನೀವು?" ಎಂದು ಮ್ಯಾನೇಜರು ಕನ್ನಡಕ ಮೇಲೇರಿಸುತ್ತಾರೆ. ಮೂರು ಪ್ರಶ್ನೆಗಳಲ್ಲಿ ಪರಿಚಯದ ಎಳೆ ಸಿಗುತ್ತದೆ. ದೂರದ ಪರಿಚಯವಾದರೆ ಐವತ್ತು ರೂಪಾಯಿ ರಿಯಾಯಿತಿ. ತೀರ ಹತ್ತಿರದ್ದಾದರೆ, ಇಳಿದುಕೊಂಡವರು ಕೋಣೆ ತಲುಪುವ ಮೊದಲೇ ಸುದ್ದಿ ಚಿಕ್ಕಪ್ಪನನ್ನು ತಲುಪುತ್ತದೆ.

ಕೋಣೆಯ ಬೀಗ ತೆಗೆಯಲು ಬಾಗಿಲನ್ನು ಸ್ವಲ್ಪ ತನ್ನತ್ತ ಎಳೆದು, ಎತ್ತಿ, ಆಮೇಲೆ ಕೀಲಿ ತಿರುಗಿಸಬೇಕು. ಈ ವಿದ್ಯೆ ರೂಮ್ ಬಾಯ್‌ಗೆ ಮಾತ್ರ ಗೊತ್ತು. ಅವರ ವಯಸ್ಸು ಐವತ್ತೈದಕ್ಕೆ ಕಡಿಮೆಯಿಲ್ಲ. ಒಳಗೆ ಎರಡು ಮಂಚ, ಒಂದು ಟೇಬಲ್ಲು, ಪ್ಲಾಸ್ಟಿಕ್ ಜಗ್ಗು, ಗೋಡೆಯಲ್ಲಿ ಎಂಟು ಸ್ವಿಚ್ಚುಗಳ ಬೋರ್ಡು. ಒಂದು ಸ್ವಿಚ್ಚು ಫ್ಯಾನಿಗೆ, ಒಂದು ಟ್ಯೂಬ್‌ಲೈಟಿಗೆ. ಒಂದು ಒತ್ತಿದರೆ ಪಕ್ಕದ ಕೋಣೆಯವರು ಕೂಗುತ್ತಾರೆ. ಉಳಿದವು ಏನೂ ಮಾಡುವುದಿಲ್ಲ. ಫ್ಯಾನಿನ ರೆಗ್ಯುಲೇಟರಿನಲ್ಲಿ ಐದು ಅಂಕೆಗಳಿದ್ದರೂ ವೇಗ ಒಂದೇ. ಕನ್ನಡಿಯ ಅಂಚಿನಲ್ಲಿ ಹಿಂದೆ ಇಳಿದುಕೊಂಡಿದ್ದವರ ಸ್ಟಿಕ್ಕರ್ ಬಿಂದಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಎಷ್ಟು ಸಂಸಾರಗಳು ಬಂದುಹೋಗಿವೆ ಎಂಬ ಲೆಕ್ಕಕ್ಕೆ ರಿಜಿಸ್ಟರಿಗಿಂತ ಇವೇ ಹೆಚ್ಚು ನಂಬಿಕೆಗೆ ಅರ್ಹ.

ಬಚ್ಚಲುಮನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ತುಮಕೂರಿಗೆ ಕುಡಿಯುವ ನೀರು ಬುಗುಡನಹಳ್ಳಿ ಕೆರೆಗೆ ಹರಿಸುವ ಹೇಮಾವತಿಯದು. ಸ್ನಾನಕ್ಕೆ ಲಾಡ್ಜಿನವರು ನೆಚ್ಚಿಕೊಳ್ಳುವುದು ಹೆಚ್ಚಾಗಿ ಬೋರ್‌ವೆಲ್ಲನ್ನು. ಅದು ಗಡಸು ನೀರು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಕಾಯಿಸಿದಾಗ ಬೇರ್ಪಟ್ಟು ಬಿಳಿ ಪೊರೆಯಾಗಿ ಗಟ್ಟಿಯಾಗುತ್ತದೆ. ಗೀಸರಿನ ಕಾಯಿಲಿನ ಮೇಲೂ ಷವರಿನ ತೂತುಗಳಲ್ಲೂ ಕೂರುತ್ತದೆ. ವರ್ಷಗಳು ಕಳೆದಂತೆ ಷವರಿನಲ್ಲಿ ಮೂರೋ ನಾಲ್ಕೋ ತೂತುಗಳು ಉಳಿಯುತ್ತವೆ. ಒಂದು ಗೋಡೆಗೆ ಚಿಮ್ಮುತ್ತದೆ, ಒಂದು ನೇತುಹಾಕಿದ ಟವೆಲಿಗೆ, ಒಂದು ಬಾಗಿಲ ಸಂದಿಯಿಂದ ಮಂಚದತ್ತ. ಆದ್ದರಿಂದಲೇ ಬಕೆಟ್ಟು ಮತ್ತು ಮಗ್ಗನ್ನು ಪ್ರತಿ ಕೋಣೆಯಲ್ಲೂ ಇಟ್ಟಿರುತ್ತಾರೆ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು ಎಂದು ಬೋರ್ಡು ಹೇಳುತ್ತದೆ. ಮಹಡಿಯ ಸೋಲಾರಿನಿಂದ ಇಳಿದು ಬರುವ ಕೊಳವೆಯಲ್ಲಿ ರಾತ್ರಿಯ ತಣ್ಣೀರು ನಿಂತಿರುತ್ತದೆ. ಅದು ಖಾಲಿಯಾಗಲು ಎರಡು ಬಕೆಟ್ಟು ಹರಿಯಬೇಕು. ಕೊನೆಯ ಕೋಣೆಯವರಿಗೆ ಬಿಸಿನೀರು ಬರುವುದು ಅವರು ತಣ್ಣೀರಿನಲ್ಲಿ ಸ್ನಾನ ಮುಗಿಸಿದ ಮೇಲೆ.

ಬಚ್ಚಲಿನ ವಿಷಯದಲ್ಲಿ ಜಪಾನಿನ ಹೋಲಿಕೆ ಉಪಯುಕ್ತ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ನ್ಯೂ ಒಟಾನಿ ಹೋಟೆಲನ್ನು ತರಾತುರಿಯಲ್ಲಿ ಕಟ್ಟುವಾಗ, ಸಾವಿರಕ್ಕೂ ಹೆಚ್ಚು ಕೋಣೆಗಳ ಬಚ್ಚಲುಮನೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಕೂರಿಸಿದರು. ತೊಟ್ಟಿ, ಬೇಸಿನ್, ಕಕ್ಕಸು ಮೂರೂ ಒಂದೇ ಪೆಟ್ಟಿಗೆಯಲ್ಲಿ. ಆ ಪದ್ಧತಿ ದೇಶವೆಲ್ಲ ಹಬ್ಬಿತು. ಅಲ್ಲಿನ ರೈಲು ನಿಲ್ದಾಣಗಳ ಬಳಿಯ ಹಳೆಯ ಅಗ್ಗದ ಹೋಟೆಲುಗಳಲ್ಲಿ ವಾಲ್‌ಪೇಪರು ಹಳದಿಗಟ್ಟಿದ್ದರೂ, ಮೈ ಹೊರಳಿಸಲು ಜಾಗವಿಲ್ಲದಿದ್ದರೂ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ತುಮಕೂರಿನ ಲಾಡ್ಜಿನಲ್ಲಿ ಇದಕ್ಕೆ ವಿರುದ್ಧ: ಮೈ ಹೊರಳಿಸಲು ಬೇಕಾದಷ್ಟು ಜಾಗವಿದೆ. ಚೆಕ್‌ಔಟಿನ ವಿಷಯದಲ್ಲಂತೂ ತುಮಕೂರು ಉದಾರಿ. ಜಪಾನಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಒಳಗೆ ಬಿಟ್ಟು ಮಾರನೆ ದಿನ ಹತ್ತಕ್ಕೋ ಹನ್ನೊಂದಕ್ಕೋ ಹೊರಗೆ ಕಳಿಸುತ್ತಾರೆ. ಇಲ್ಲಿನ ಹಳೆಯ ಲಾಡ್ಜುಗಳದು 24 ಗಂಟೆಯ ಲೆಕ್ಕ. ರಾತ್ರಿ ಒಂಬತ್ತಕ್ಕೆ ಬಂದವರು ಮಾರನೆ ರಾತ್ರಿ ಒಂಬತ್ತರವರೆಗೆ ಕೋಣೆಗೆ ಒಡೆಯರು. ಕೊಟ್ಟ ಹಣ ದಕ್ಕಬೇಕೆಂದು, ಕೆಲಸ ಬೆಳಿಗ್ಗೆಯೇ ಮುಗಿದರೂ ರಾತ್ರಿ ಎಂಟೂವರೆಯವರೆಗೆ ಮಂಚ ಬಿಡದವರೂ ಇದ್ದಾರೆ.

ಊಟ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಅದು ಲಾಡ್ಜಿನವರು ಮಾಡುವ ದೊಡ್ಡ ಉಪಕಾರ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತರಿಸಬಹುದು, ತಿಂಡಿಗೆ ಬೀದಿಗಿಳಿಯಬೇಕು. ಇಳಿದವರಿಗೆ ತಟ್ಟೆ ಇಡ್ಲಿ ಸಿಗುತ್ತದೆ. ಹಟ ಹಿಡಿದವರು ಅದಕ್ಕೆ ಹೆಸರಾದ ಕ್ಯಾತ್ಸಂದ್ರಕ್ಕೇ ಹೋಗುತ್ತಾರೆ. ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರ. ಅಲ್ಲಿ ದಾಸೋಹವಿರುವುದರಿಂದ ಊಟದ ಖರ್ಚೂ ಇಲ್ಲ.

ರಾತ್ರಿಯನ್ನು ಎರಡು ಭಾಗ ಮಾಡಬಹುದು. ಹನ್ನೊಂದರವರೆಗೆ ವೆಂಟಿಲೇಟರಿನ ಮೂಲಕ ಪಕ್ಕದ ಕೋಣೆಯ ಟಿ.ವಿ. ಕೇಳುತ್ತದೆ, ಬೇಕಾದ ಚಾನೆಲ್ಲು ಹಾಕಿರೆಂದು ಗೋಡೆ ತಟ್ಟಿ ಹೇಳುವವರೂ ಉಂಟು. ಆಮೇಲಿನದು ಬಿ.ಎಚ್. ರಸ್ತೆಯ ಲಾರಿಗಳ ಪಾಲು.

ಇಷ್ಟಾದರೂ ಇಳಿದುಕೊಳ್ಳುವವರಿಗೆ ಕೋಣೆ ಲಾಭದ್ದೇ ಎನ್ನುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಹೊಸ ಹೋಟೆಲಿನ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಸೇರಿರುತ್ತದೆ. ಹಳೆಯ ಲಾಡ್ಜಿನ ಸಾಲ ಅಪ್ಪನ ಕಾಲಕ್ಕೇ ತೀರಿದೆ. ಅಲ್ಲಿ ಉಳಿಯುವವರು ಕೊಡುವುದು ಕರೆಂಟಿಗೆ, ಅಗಸರಿಗೆ, ಸಂಬಳಕ್ಕೆ ಮಾತ್ರ. ಬೆಂಗಳೂರು 70 ಕಿಲೋಮೀಟರ್ ದೂರವಷ್ಟೇ. ಬಂದ ಕೆಲಸ ಮುಗಿಸಿ ಅಂದೇ ಹಿಂತಿರುಗುವವರು ಹೆಚ್ಚಾದ್ದರಿಂದ ಬಾಡಿಗೆ ಏರಿಸುವ ಧೈರ್ಯವೂ ಮಾಲೀಕರಿಗೆ ಕಡಿಮೆ. ಬಾಡಿಗೆಯ ಮೇಲೆ ತೆರಿಗೆ ಬೇರೆ: ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಮೊದಲು ಜಿ.ಎಸ್.ಟಿ. ಇರಲಿಲ್ಲ, 2022ರ ಜುಲೈ 18ರಿಂದ ಶೇ. 12 ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿಯಿತು.

ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ, ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆಯುತ್ತಿವೆ. ಅಲ್ಲಿಗೆ ಬರುವ ದೊಡ್ಡವರು ಹೊಸ ಹೋಟೆಲುಗಳಿಗೆ ಹೋಗುತ್ತಾರೆ. ಹಳೆಯ ಲಾಡ್ಜನ್ನು ಕೆಡವಿ ಹೊಸದು ಕಟ್ಟುವ ಮಾತು ಪ್ರತಿ ಮನೆತನದಲ್ಲೂ ಬಂದುಹೋಗಿದೆ. ಆದರೆ ಕಟ್ಟಡ ಅಪ್ಪನ ಹೆಸರಿನಲ್ಲಿದೆ, ಅಣ್ಣತಮ್ಮಂದಿರು ಮೂವರಿದ್ದಾರೆ, ಪಾಲಿನ ದಾವೆ ಕೋರ್ಟಿನಲ್ಲಿದೆ. ತೀರ್ಪು ಬರುವವರೆಗೆ ಸುಣ್ಣಬಣ್ಣವಿಲ್ಲ, ಬಾಡಿಗೆಯೂ ಏರುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ನಡುವಿನವರು ವಾಯಿದೆಯ ಹಿಂದಿನ ರಾತ್ರಿ ತುಮಕೂರಿಗೆ ಬಂದು, ಎದುರು ಸಾಲಿನ ಲಾಡ್ಜಿನಲ್ಲಿ ಇಳಿದುಕೊಳ್ಳುತ್ತಾರೆ.