ಇಂದೇ ಕಡೇ ಆಟ!

(ಬೆಂಗಳೂರಿನ ಬಸವೇಶ್ವರನಗರದ ಒಂದು ಮನೆ. ಹಜಾರದ ಗೋಡೆಯ ಮೇಲೆ, ಗಾಜು ಹಾಕಿದ ಫ್ರೇಮಿನಲ್ಲಿ ‘ಸದಾರಮೆ’ ನಾಟಕದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್. ಹಳೇ ಕಾಗದ ಸಂಗ್ರಹಿಸುವ ಯಜಮಾನರು ಕಾಫಿ ತರಲು ಒಳಗೆ ಹೋದಾಗ ಹ್ಯಾಂಡ್‌ಬಿಲ್ಲೇ ಮಾತಿಗೆ ಸಿಕ್ಕಿತು.)

ನಿಮಗೆ ನೂರು ವರ್ಷವಂತೆ?

ಯಾರು ಹೇಳಿದ್ದು, ಇವರೇನಾ? ಕಳೆದ ದೀಪಾವಳೀಲಿ ಎಂಬತ್ತು ಅಂದಿದ್ದರು. ಬಂದ ನೆಂಟರ ಮೇಲೆ ಹೋಗುತ್ತೆ ನನ್ನ ವಯಸ್ಸು.

ನಿಮ್ಮ ಮೇಲೆ ಇಸವಿ ಇಲ್ಲವೆ?

ಶನಿವಾರ ರಾತ್ರಿ ಒಂಬತ್ತೂವರೆಗೆ ಅಂತಷ್ಟೇ ಇದೆ. ಭಾನುವಾರ ಬೆಳಿಗ್ಗೆ ಕಡಲೆಕಾಯಿ ಕಟ್ಟೋ ಕಾಗದಕ್ಕೆ ಇಸವಿ ಯಾಕೆ ಸ್ವಾಮಿ?

ರಂಗನಟ ವರದಾಚಾರ್ಯರ ಕಾಲದ್ದು ಅಂದರಲ್ಲ ಯಜಮಾನರು?

ಅವರು ತೀರಿಕೊಂಡದ್ದು 1926ರಲ್ಲಿ. ನನ್ನ ತಳದಲ್ಲಿ ಟಿಕೆಟ್ ದರ ಇದೆ, ಕಾಣುತ್ತಾ?

ಇಲ್ಲ, ಅಲ್ಲಿ ದಪ್ಪ ರಟ್ಟಿನ ಅಂಚು ಬಂದಿದೆ.

ಬಂದಿಲ್ಲ, ಬರಿಸಿದ್ದಾರೆ! ಅದರಡಿ ‘ನೆಲ 50 ನಯಾ ಪೈಸೆ’ ಅಂತಿದೆ. ನಯಾ ಪೈಸೆ ಚಲಾವಣೆಗೆ ಬಂದದ್ದೇ 1957ರಲ್ಲಿ. 1964ರಲ್ಲಿ ‘ನಯಾ’ ಉದುರಿಹೋಯಿತು. ನನ್ನ ಜಾತಕ ಅಷ್ಟರೊಳಗೇ. ಮುಚ್ಚದೆ ಏನು ಮಾಡ್ತಾರೆ?

ಗುಬ್ಬಿ ಕಂಪನಿಯದು ಅನ್ನುವುದಾದರೂ ನಿಜವೆ?

1884ರಲ್ಲಿ ಶುರುವಾದ ಕಂಪನಿ ಅದು. 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ‘ಸದಾರಮೆ’ಯ ಕಳ್ಳನ ಪಾತ್ರ ಅಂದರೆ ಆ ಕಂಪನಿಯ ಗುಬ್ಬಿ ವೀರಣ್ಣನವರೇ. ನಮ್ಮದು ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದ ಬಡ ಕಂಪನಿ. ಕಳ್ಳನೇ ಟಿಕೆಟ್ಟೂ ಹರಿಯುತ್ತಿದ್ದ.

ಆಗಿನ ದಿನಗಳು ಹೇಗಿದ್ದವು?

ಪ್ರೆಸ್ಸಿನಲ್ಲೇ ಜಗಳ. ರಾಜಕುಮಾರನ ಪಾತ್ರದವನ ಹೆಸರಿಗಿಂತ ಹಾಸ್ಯಗಾರನ ಹೆಸರಿಗೆ ದಪ್ಪ ಮೊಳೆ ಬಿತ್ತು ಅಂತ ರಾಜಕುಮಾರ ಮುನಿಸಿಕೊಂಡ. ನೋಡಿ, ಅವನ ಹೆಸರಿನ ಎರಡೂ ಕಡೆ ಹೂವಿನ ಬ್ಲಾಕ್ ಇದೆಯಲ್ಲ, ಅದು ರಾಜಿ! ಒಂದು ಹೂವು ತಲೆಕೆಳಗಾಗಿದೆ. ಯಜಮಾನರು ಅದನ್ನು ‘ಅಪರೂಪದ ಮುದ್ರಣ ವಿನ್ಯಾಸ’ ಅನ್ನುತ್ತಾರೆ. ಆಮೇಲೆ ಜಟಕಾ, ಬ್ಯಾಂಡ್‌ಸೆಟ್ಟು. ಹಿಡಿಹಿಡಿಯಾಗಿ ಎಸೆದರೆ ಹುಡುಗರು ಮಣ್ಣಲ್ಲಿ ಬಿದ್ದು ಹೆಕ್ಕೋರು.

ಈಗ ನಿಮ್ಮನ್ನು ಮುಟ್ಟುವ ಹಾಗೂ ಇಲ್ಲ.

ಬಿಸಿಲು ಬಿದ್ದರೆ ಬಣ್ಣ ಹೋಗುತ್ತೆ ಅಂತ ಪರದೆ ಬೇರೆ. ಅವರಮ್ಮನಿಗೂ ಇಷ್ಟು ಉಪಚಾರ ಇಲ್ಲ.

ಕೆ.ಇ.ಎ. ಪ್ರಭಾತ್ ರಂಗಮಂದಿರ ಇದೇ ಬಡಾವಣೆಯಲ್ಲಿದೆ. ಯಜಮಾನರು ನಾಟಕಕ್ಕೆ ಹೋಗುತ್ತಾರಾ?

ಪಾರ್ಕಿಂಗ್ ಸಿಗೋಲ್ಲವಂತೆ. ಮನೆಯಿಂದ ನಡೆದೇ ಹೋಗಬಹುದು ಅನ್ನಿ.

ಇಷ್ಟು ಸುಳ್ಳು ಕೇಳಿ ಬೇಸರವಾಗುವುದಿಲ್ಲವೆ?

ಛೆ, ನಾನೂ ಅದೇ ಕಸುಬಿನವನು! ನನ್ನ ನೆತ್ತಿ ಮೇಲೆ ‘ಇಂದೇ ಕಡೇ ಆಟ’ ಅಂತಿದೆಯಲ್ಲ, ಆ ಊರಲ್ಲಿ ಆಮೇಲೂ ಒಂದು ತಿಂಗಳು ಆಡಿದೆವು. ಇವರೂ ಬಂದವರಿಗೆಲ್ಲ ‘ಪ್ರಪಂಚದಲ್ಲಿ ಉಳಿದಿರೋದು ಇದೊಂದೇ ಪ್ರತಿ’ ಅಂತಾರೆ.

ಅಲ್ಲವೆ?

ಮೆಲ್ಲಗೆ ಮಾತಾಡಿ, ಲೋಟದ ಸದ್ದು ಕೇಳಿಸ್ತಿದೆ. ಒಳಗೆ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಇನ್ನೊಂದು ಕಟ್ಟು ಇದೆ. ನೀವು ಕೊಳ್ಳೋರಾದರೆ ಚೌಕಾಸಿ ಮಾಡಿ.